ಲ್ಯಾಬ್ ಟೆಂಡರ್ ಹಾಕುವ ಮುಂಚೆ ಒಮ್ಮೆ ಸುರಪುರಕ್ಕೆ ಹೋಗಿ ಬನ್ನಿ

ಕಲಬುರಗಿಯ ಒಂದು ಖಾಸಗಿ ಲ್ಯಾಬಿನಲ್ಲಿ ನಾನು ಟೆಂಡರ್ ಕಾಗದ ನೋಡಿಕೊಳ್ಳುತ್ತೇನೆ. ಅದಕ್ಕೂ ಮೊದಲು ಅಲ್ಲೇ ಟೆಕ್ನಿಷಿಯನ್ ಆಗಿದ್ದೆ. ಸರ್ಕಾರಿ ಆಸ್ಪತ್ರೆಗಳು ತಮ್ಮಲ್ಲಿ ಮಾಡಲಾಗದ ಟೆಸ್ಟ್‌ಗಳನ್ನು ಹೊರಗಿನ ಲ್ಯಾಬಿಗೆ ಗುತ್ತಿಗೆ ಕೊಡುವುದುಂಟು. ಥೈರಾಯ್ಡ್, ವಿಟಮಿನ್ ಡಿ, ಬಯಾಪ್ಸಿ, ಹೀಗೆ. ಸಣ್ಣ ಲ್ಯಾಬಿನವರು ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ "ಮೇಡಂ, ರೇಟ್ ಎಷ್ಟು ಹಾಕೋಣ?" ಸ್ವಲ್ಪ ತಡೀರಿ. ರೇಟ್ ಕೊನೆಯ ಕೆಲಸ.

ರಾಜ್ಯದ ಟೆಂಡರ್‌ಗಳು ಸರ್ಕಾರಿ ಖರೀದಿಗೆಂದೇ ಇರುವ 1999ರ ಪಾರದರ್ಶಕತೆ ಕಾಯ್ದೆಯಡಿ, ರಾಜ್ಯದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ನಡೆಯುತ್ತವೆ. ಅಲ್ಲಿ ನೋಂದಣಿ ಬೇಕು, ಡಿಜಿಟಲ್ ಸಹಿ ಬೇಕು. ಸಹಿಯ ಅವಧಿ ಮುಗಿದಿದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಕೊನೆಯ ದಿನ ಸಂಜೆ ಅಪ್‌ಲೋಡ್ ಮಾಡುತ್ತಾ ಬೆವರುವವರನ್ನು ಬಹಳ ಕಂಡಿದ್ದೇನೆ. ಎರಡು ಕವರ್ ಪದ್ಧತಿ (ತಾಂತ್ರಿಕ ದಾಖಲೆಗೊಂದು, ರೇಟಿಗೊಂದು) ಇದ್ದರೆ ತಾಂತ್ರಿಕ ಕವರಿನಲ್ಲಿ ಅಪ್ಪಿತಪ್ಪಿಯೂ ರೇಟ್ ಕಾಣಿಸಬಾರದು.

ಲ್ಯಾಬ್‌ಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ ಎನ್‌ಎಬಿಎಲ್‌ನ ಮಾನ್ಯತೆ ಕೇಳಿದ್ದರೆ ಸರ್ಟಿಫಿಕೇಟಿನ ಮೊದಲ ಪುಟ ನೋಡಿ ಖುಷಿಪಡಬೇಡಿ. ಮಾನ್ಯತೆ ಸಿಗುವುದು ಇಡೀ ಲ್ಯಾಬಿಗಲ್ಲ, ಒಂದೊಂದು ಟೆಸ್ಟಿಗೆ. ಹಿಂದೆ ಲಗತ್ತಿಸಿದ ಸ್ಕೋಪ್ ಪಟ್ಟಿಯನ್ನೂ (ಮಾನ್ಯತೆ ಸಿಕ್ಕ ಟೆಸ್ಟ್‌ಗಳ ಪಟ್ಟಿ) ಟೆಂಡರ್ ಪಟ್ಟಿಯನ್ನೂ ಪಕ್ಕದಲ್ಲಿಟ್ಟು, ಸ್ಕೇಲ್ ಹಿಡಿದು ಸಾಲುಸಾಲಾಗಿ ಗುರುತು ಹಾಕಿ. ನಮ್ಮ ಮೊದಲ ಟೆಂಡರ್ ಕೈತಪ್ಪಿದ್ದು ಸ್ಕೋಪಿನಲ್ಲಿ ಇಲ್ಲದ ಒಂದೇ ಒಂದು ಟೆಸ್ಟಿನಿಂದ. ತಪ್ಪು ನಮ್ಮದೇ. ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯದ ಅನುಮತಿ, ಇವುಗಳ ತಾರೀಖನ್ನೂ ಹಾಗೇ ನೋಡಿಬಿಡಿ.

ಟೆಂಡರ್ ಹಾಕುವ ಮುಂಚೆ ಅನುಮಾನ ಕೇಳಲು ಕರೆಯುವ ಪ್ರಿ-ಬಿಡ್ ಸಭೆಗೆ ಹೋಗಿ ಚಹಾ ಕುಡಿದು ಬರುವವರೇ ಜಾಸ್ತಿ. ನಾನು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೊಡುತ್ತೇನೆ. ರಕ್ತ ತೆಗೆಯುವವರು ಯಾರು? ಟ್ಯೂಬ್ ಯಾರದು? "24 ಗಂಟೆಯಲ್ಲಿ ವರದಿ" ಅಂದರೆ ರಕ್ತ ತೆಗೆದಾಗಿನಿಂದಲೋ, ಸ್ಯಾಂಪಲ್ ಲ್ಯಾಬ್ ಮುಟ್ಟಿದಾಗಿನಿಂದಲೋ? ವರದಿ ತಡವಾದರೆ ದಂಡ ಲೆಕ್ಕ ಹಾಕುವುದು ಇದರ ಮೇಲೆಯೇ. ಸಾಹೇಬರು ಬಾಯಲ್ಲಿ "ಆಯ್ತು ಬಿಡ್ರಿ" ಅಂದದ್ದು ಲೆಕ್ಕಕ್ಕಿಲ್ಲ. ಪೋರ್ಟಲ್‌ನಲ್ಲಿ ತಿದ್ದುಪಡಿ ಬಂದರೆ ಮಾತ್ರ ನಂಬಿ.

ಈಗ ರೇಟ್. ಕೆಮಿಕಲ್ ಖರ್ಚು ಎಲ್ಲರಿಗೂ ಗೊತ್ತು. ಕೈ ಸುಡುವುದು ದಾರಿಯಲ್ಲಿ. ಒಂದು ಮೇ ತಿಂಗಳು, ಸುರಪುರದ ಕಡೆಯಿಂದ ಬಂದ ನಾಲ್ಕು ಸ್ಯಾಂಪಲ್‌ಗಳಲ್ಲಿ ಪೊಟ್ಯಾಸಿಯಂ 6.5ರ ಮೇಲೆ ಬಂತು. ಇರಬೇಕಾದ್ದು 3.5ರಿಂದ 5. ಡಾಕ್ಟರ್ ಫೋನ್ ಮಾಡಿ, "ಪೇಷಂಟ್ ಆರಾಮ ಅಡ್ಡಾಡ್ಲಿಕತ್ಯಾರ, ಇದೇನ್ರೀ ನಿಮ್ ರಿಪೋರ್ಟು?" ಅಂದರು. ಮೆಷೀನ್ ಸರಿ ಇತ್ತು. ಬೆಳಿಗ್ಗೆ ಒಂಬತ್ತಕ್ಕೆ ತೆಗೆದ ರಕ್ತವನ್ನು ನಮ್ಮ ಹುಡುಗ ಸೆಂಟ್ರಿಫ್ಯೂಜ್‌ನಲ್ಲಿ (ರಕ್ತವನ್ನು ಗಿರ್ರನೆ ತಿರುಗಿಸಿ ಕಣಗಳನ್ನು ಬೇರೆ ಮಾಡುವ ಯಂತ್ರ) ತಿರುಗಿಸದೇ ನೇರ ಐಸ್ ಪ್ಯಾಕ್ ಮೇಲಿಟ್ಟಿದ್ದ. ಶಹಾಪುರ, ಜೇವರ್ಗಿ ದಾಟಿ ಲ್ಯಾಬ್ ಮುಟ್ಟುವಾಗ ಸಂಜೆ ನಾಲ್ಕು. ತಣ್ಣಗಿಟ್ಟ ರಕ್ತದಲ್ಲಿ ಕಣಗಳೊಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಹಾಗಂತ ಬಿಸಿಲಲ್ಲಿ ಬೈಕ್ ಡಿಕ್ಕಿಯಲ್ಲಿ ತಂದರೂ ಕೆಡುತ್ತದೆ, ಅಲ್ವಾ? ಮರುದಿನ ಮತ್ತೆ ರಕ್ತ ತೆಗೆದು, ಹೆಪ್ಪುಗಟ್ಟಲು ಅರ್ಧ ಗಂಟೆ ಬಿಟ್ಟು, ಅಲ್ಲೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿ ದ್ರವ, ಅಂದರೆ ಸೀರಂ, ಬೇರೆ ಮಾಡಿ ತಂದೆವು. ನಾಲ್ಕೂ ಸರಿ ಬಂದವು. ಸಕ್ಕರೆಯದೂ ಇದೇ ಗೋಳು. ತಿರುಗಿಸದೇ ಇಟ್ಟ ರಕ್ತದಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಇಳಿಯುತ್ತದೆ. ಅದಕ್ಕೇ ಈ ಇಳಿಕೆಗೆ ತಡೆ ಹಾಕುವ ಬೂದು ಮುಚ್ಚಳದ ಟ್ಯೂಬ್ ಇರುವುದು.

ಹಾಗಾಗಿ ತಾಲ್ಲೂಕಿಗೊಂದು ಸೆಂಟ್ರಿಫ್ಯೂಜ್, ಥರ್ಮಾಮೀಟರ್ ಇರುವ ಡಬ್ಬಿ, ಹುಡುಗನ ಸಂಬಳ, ಪೆಟ್ರೋಲ್, ಮತ್ತೆ ಮಾಡಬೇಕಾದ ಟೆಸ್ಟ್‌ಗಳು, ಎಲ್ಲವನ್ನೂ ರೇಟಿಗೆ ಸೇರಿಸಿ. ಎಲ್‌1 (ಅತಿ ಕಡಿಮೆ ರೇಟ್ ಹಾಕಿದವರು) ಆಗಲೇಬೇಕು ಅಂತ ದಾರಿ ಖರ್ಚನ್ನೇ ಮರೆತವರು ಸುಮ್ನೆ ಠೇವಣಿ ಕಳೆದುಕೊಳ್ಳುತ್ತಾರೆ.

ಅನ್ಯಾಯವಾಗಿ ಟೆಂಡರ್ ಬೇರೆಯವರಿಗೆ ಹೋಯಿತು ಅನ್ನಿಸಿದರೆ ಅದೇ 1999ರ ಕಾಯ್ದೆಯ 16ನೇ ಕಲಂನಡಿ ಮೇಲ್ಮನವಿ ಹಾಕಬಹುದು. ಆದೇಶ ಕೈಗೆ ಬಂದ ದಿನದಿಂದ 30 ದಿನ ಮಾತ್ರ.

ಟೆಂಡರ್ ಸಿಕ್ಕಿದರೆ ಬಿಲ್ಲಿನ ಚಿಂತೆ. ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತದೆ ಅಂತ ನಂಬಿ ಕೆಮಿಕಲ್ ತರಬೇಡಿ, ಮೂರ್ನಾಲ್ಕು ತಿಂಗಳ ಖರ್ಚು ಕೈಯಲ್ಲಿರಲಿ. ಡಾಕ್ಟರ್ ಸಹಿ ಇಲ್ಲದ ಚೀಟಿಯ ಟೆಸ್ಟನ್ನು ಲೆಕ್ಕಪತ್ರ ವಿಭಾಗ ಹೊಡೆದುಹಾಕುತ್ತದೆ. ಈಗ ನಮ್ಮ ಹುಡುಗ ಡಬ್ಬಿ ಮುಚ್ಚುವ ಮೊದಲೇ ಚೀಟಿ ಎಣಿಸಿ, ರಿಜಿಸ್ಟರಿನಲ್ಲಿ ಅಲ್ಲಿನ ಟೆಕ್ನಿಷಿಯನ್ ಸಹಿ ಹಾಕಿಸಿಕೊಂಡೇ ಗಾಡಿ ಹತ್ತುತ್ತಾನೆ.