ಮಿಕ್ಸಿಂಗ್‌ಗೆ ಹೆಡ್‌ಫೋನ್ ಬೇಕೆ? ಮೊದಲು ತಂಬೂರಿ ಕೇಳಿಸಿಕೊಳ್ಳಿ

ಮಿಕ್ಸಿಂಗ್‌ಗೆ, ಅಂದರೆ ಧ್ವನಿಮುದ್ರಿಸಿದ ಕಂಠ, ವಾದ್ಯಗಳನ್ನು ಹದವಾಗಿ ಬೆರೆಸುವುದಕ್ಕೆ, ಹೆಡ್‌ಫೋನ್ ಕೊಳ್ಳಲು ಹೋದಾಗ ಅಂಗಡಿಯವರು ಹಾಕುವ ಹಾಡಿನಿಂದ ಯಾವ ತೀರ್ಮಾನಕ್ಕೂ ಬರಬೇಡಿ. ನಿಮ್ಮ ಹಾಡನ್ನು ನೀವೇ ಒಯ್ಯಿರಿ. ಧಾರವಾಡದ ಮನೆಯಲ್ಲಿ ಭಾವಗೀತೆಗಳನ್ನು ಧ್ವನಿಮುದ್ರಿಸುವ ನಾನು ತಂಬೂರಿ, ತಬಲಾ, ಹಾರ್ಮೋನಿಯಂ ಮತ್ತು ಒಂದೇ ಕಂಠವಿರುವ ನನ್ನದೇ ತುಣುಕನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರುತ್ತೇನೆ. ಗಾಯಕಿ ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ ಎಂಬುದೂ ನನಗೆ ಬಾಯಿಪಾಠ.

ಮೊದಲು ತಂಬೂರಿ. ಮಂದ್ರ ಷಡ್ಜದ ತಂತಿಯಿಂದ ಗಾಂಧಾರ ತಾನಾಗಿ ಹೊಮ್ಮುತ್ತದಲ್ಲ, ಆ ಸ್ವಯಂಭೂ ಸ್ವರ ಕಿವಿಗೆ ಸ್ಪಷ್ಟವಾಗಿ ಬೀಳಬೇಕು. ಬರೀ ಮಂದವಾದ ಗುಂಯ್‌ಗುಡುವಿಕೆ ಕೇಳಿಸಿದರೆ ಆ ಹೆಡ್‌ಫೋನನ್ನು ಅಲ್ಲಿಯೇ ಕೆಳಗಿಡಿ. ಆಮೇಲೆ ಡಗ್ಗಾ, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯ. ಅದರ ಗುಮುಕು ಕಂಠವನ್ನು ನುಂಗುತ್ತಿದ್ದರೆ ತಯಾರಕರು ಬೇಸ್ (ತಗ್ಗಿನ ಸ್ವರಗಳ ಸದ್ದು) ಹೆಚ್ಚಿಸಿದ್ದಾರೆಂದು ತಿಳಿಯಿರಿ. ಕೇಳಲು ಹಿತವಾಗಿರುತ್ತದೆ, ನಿಜ; ಆದರೆ ಅದನ್ನು ನಂಬಿ ಮಿಕ್ಸ್ ಮಾಡುವವರು ಬೇಸನ್ನು ಬೇಕಾದ್ದಕ್ಕಿಂತ ತಗ್ಗಿಸಿಬಿಡುತ್ತಾರೆ. ಅದೇ ಹಾಡು ಕಾರಿನ ಸ್ಪೀಕರಿನಲ್ಲಿ ಬಡಕಲಾಗಿ ಕೇಳುತ್ತದೆ. ಕೊನೆಗೆ ಸ, ಶ, ಷ ಅಕ್ಷರಗಳು ಚುಚ್ಚುತ್ತವೆಯೇ ಎಂದು ಗಮನಿಸಿ.

ಹಾಡುವಾಗ ಕಿವಿಗೆ ಹಾಕಿಕೊಳ್ಳಲು ಮುಚ್ಚಿದ ಬೆನ್ನಿನ, ಅಂದರೆ ಕಿವಿಬಟ್ಟಲಿನ ಹೊರಬದಿ ಮುಚ್ಚಿರುವ, ಹೆಡ್‌ಫೋನೇ ಬೇಕು, ಇಲ್ಲವಾದರೆ ಶ್ರುತಿ ಮೈಕಿಗೆ ಸೋರುತ್ತದೆ. 1991ರಿಂದ ಸ್ಟುಡಿಯೋಗಳಲ್ಲಿರುವ ಸೋನಿ ಎಂಡಿಆರ್-7506 ಈ ಬಗೆಯದು. ಮಿಕ್ಸಿಂಗ್‌ಗೆ ನನ್ನ ಒಲವು ಸೆನ್‌ಹೈಸರ್ ಎಚ್‌ಡಿ 600ರಂಥ ತೆರೆದ ಬೆನ್ನಿನವುಗಳ ಕಡೆಗೆ. ಅವುಗಳಲ್ಲಿ ವಾದ್ಯಗಳ ನಡುವಿನ ಜಾಗ ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಒಳಗೆ ಬರುತ್ತದೆ. ಗದ್ದಲದ ಬೀದಿಯಲ್ಲಿ ಮನೆಯಿದ್ದು ಒಂದನ್ನೇ ಕೊಳ್ಳುವುದಾದರೆ ಮುಚ್ಚಿದ್ದೇ ಸರಿ.

ಡಬ್ಬಿಯ ಮೇಲೆ ಬರೆದ ಓಮ್ ಸಂಖ್ಯೆಯನ್ನು, ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯನ್ನು, ಓದದೆ ಹಣ ಕೊಡಬೇಡಿ. 7506ರ 63 ಓಮ್‌ಗೆ ಲ್ಯಾಪ್‌ಟಾಪ್ ಸಾಕು. ಎಚ್‌ಡಿ 600ರದು 300 ಓಮ್. ಅದಕ್ಕೆ ಒಳ್ಳೆಯ ಆಡಿಯೋ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಅಥವಾ ಆಂಪ್ಲಿಫೈಯರ್ ಇಲ್ಲದಿದ್ದರೆ ಸದ್ದು ಸಣ್ಣಗಾಗುತ್ತದೆ. ಬ್ಲೂಟೂತ್ ಕೇಳಲು ಅನುಕೂಲ, ಮಿಕ್ಸಿಂಗ್‌ಗೆ ಬೇಡ: ಧ್ವನಿ ತಡವಾಗಿ ತಲುಪುತ್ತದೆ, ಸಾಮಾನ್ಯವಾಗಿ ಕುಗ್ಗಿಸಿದ ರೂಪದಲ್ಲಿ ಬರುತ್ತದೆ.

ಎಷ್ಟೇ ಒಳ್ಳೆಯದನ್ನು ಕೊಂಡರೂ ಎಡದ ಸದ್ದು ಎಡಗಿವಿಗೆ ಮಾತ್ರ ಸೇರುತ್ತದೆ. ಸ್ಪೀಕರಿನಲ್ಲಾದರೆ ಎರಡೂ ಕಿವಿಗಳು ಅದನ್ನು ಕೇಳುತ್ತವೆ. ಹಾಗಾಗಿ ವಾದ್ಯಗಳನ್ನು ಎಡಬಲಕ್ಕೆ ಹಂಚಿದ ಮೇಲೆ ಸ್ಪೀಕರಿನಲ್ಲೊಮ್ಮೆ, ಎಡಬಲವನ್ನು ಒಂದಾಗಿಸಿದ ಮೊನೋದಲ್ಲೊಮ್ಮೆ ಪರೀಕ್ಷಿಸಲೇಬೇಕು. ಧ್ವನಿಯ ಮಟ್ಟದ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಾತಾಡುವಷ್ಟು ಮೆಲ್ಲಗಿಟ್ಟು ಮಿಕ್ಸ್ ಮಾಡಿ, ನಡುನಡುವೆ ಎದ್ದು ಅಂಗಳದಲ್ಲಿ ಓಡಾಡಿ ಬನ್ನಿ.

ತಲೆಗೆ ಹಾಕಿಕೊಂಡು ಅಂಗಡಿಯಲ್ಲಿ ಕಾಲು ಗಂಟೆಯಾದರೂ ಕುಳಿತುಕೊಳ್ಳಿ. ಕನ್ನಡಕದವರಿಗೆ ಬಿಗಿತ ಆಗಲೇ ತಿಳಿಯುತ್ತದೆ. ಬೆವರಿಗೆ ಕಿವಿಯ ಮೆತ್ತೆ ಬೇಗ ಸಿಪ್ಪೆ ಏಳುತ್ತದೆ, ಮೆತ್ತೆ ಸವೆದರೆ ಬೇಸ್ ಕೂಡ ಬದಲಾಗುತ್ತದೆ. ಬದಲಿ ಮೆತ್ತೆ, ಬದಲಿ ಕೇಬಲ್ ಸಿಗುತ್ತವೆಯೇ ಎಂದು ಬಿಲ್ ಹಾಕಿಸುವ ಮೊದಲೇ ಕೇಳಿ.