ಒಂದರ ತಲೆ ಮೇಲೊಂದು ಥಿಯೇಟರ್: ಟೊರೊಂಟೊದ ಹಳೇ ಕಟ್ಟಡದ ಕಥೆ ನಾನು ಹುಡುಕಿದ ಬಗೆ

ಬೇಸಿಗೆ ಬಂತೆಂದರೆ ಟೊರೊಂಟೊದ ಕನ್ನಡ ಗೆಳೆಯರ ಮನೆಗಳಿಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ನಯಾಗರಾ, ಸಿಎನ್ ಟವರ್ ಮುಗಿದ ಮೇಲೆ ಏನು ತೋರಿಸುವುದು? ಅಂಥವರನ್ನು ಯಂಗ್ ಸ್ಟ್ರೀಟ್‌ನಲ್ಲಿ ಸುತ್ತಾಡಿಸಿ ಹಳೇ ಕಟ್ಟಡಗಳ ಕಥೆ ಹೇಳುವುದು ನನ್ನ ಹುಚ್ಚು. ಅದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 189ನೇ ನಂಬರಿನ ಎಲ್ಗಿನ್ ಮತ್ತು ವಿಂಟರ್ ಗಾರ್ಡನ್ ಥಿಯೇಟರ್.

ಫಲಕ ಓದಿದರೆ ಇಸವಿಗಳು ಸಿಗುತ್ತವೆ, 'ಯಾಕೆ' ಸಿಗುವುದಿಲ್ಲ. ಹಾಗಾಗಿ ಯಾವ ಕಟ್ಟಡದ ಮುಂದೆ ನಿಂತರೂ ನಾನು ಮೊದಲು ಕೇಳುವುದು ಒಂದೇ: ಇಲ್ಲಿ ದುಡ್ಡು ಹೇಗೆ ಬರುತ್ತಿತ್ತು?

ಶುರು ಮಾಡುವುದು ನಕ್ಷೆಯಿಂದ. ಬೆಂಕಿ ವಿಮೆಯವರಿಗಾಗಿ ಮಾಡಿದ ಗೋಡ್ ನಕ್ಷೆಗಳು ಅಂತ ಇವೆ. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಟೊರೊಂಟೊ ಪಬ್ಲಿಕ್ ಲೈಬ್ರರಿಯ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ಹಳೇ ನಕ್ಷೆ, ಹೊಸ ನಕ್ಷೆ ಪಕ್ಕಪಕ್ಕ ಇಟ್ಟುಕೊಂಡರೆ ಈ ಥಿಯೇಟರಿನ ಗುಟ್ಟು ಅರ್ಧ ಬಯಲಾಗುತ್ತದೆ. ಯಂಗ್ ಸ್ಟ್ರೀಟ್ ಕಡೆ ಕಾಣುವುದು ಬರೀ ಒಂದು ಇಕ್ಕಟ್ಟಾದ ಬಾಗಿಲು. ಒಳಗೆ ಹೋದರೆ ಉದ್ದನೆಯ ಮೊಗಸಾಲೆ. ದೊಡ್ಡ ಸಭಾಂಗಣ ಇರುವುದು ಹಿಂದಿನ ವಿಕ್ಟೋರಿಯಾ ಸ್ಟ್ರೀಟ್ ಕಡೆಗೆ. ದುಬಾರಿ ಬೀದಿಯಲ್ಲಿ ಬಾಗಿಲು ಮಾತ್ರ, ಜಾಗ ತಿನ್ನುವ ಭಾಗವೆಲ್ಲ ಹಿತ್ತಲಿಗೆ. ಲೆಕ್ಕಾಚಾರ ಗೊತ್ತಿದ್ದವನ ಕೆಲಸ.

ಅವನು ಮಾರ್ಕಸ್ ಲೋ, ನ್ಯೂಯಾರ್ಕಿನ ವ್ಯಾಪಾರಿ. ವಿನ್ಯಾಸ ಮಾಡಿದ್ದು ಥಾಮಸ್ ಲ್ಯಾಂಬ್. ಕೆಳಗಿನ ಥಿಯೇಟರ್, ಅಂದರೆ ಈಗಿನ ಎಲ್ಗಿನ್, 1913ರ ಡಿಸೆಂಬರ್ 15ರಂದು ತೆರೆಯಿತು. ಮೇಲಿನದ್ದು, ಅಂದರೆ ವಿಂಟರ್ ಗಾರ್ಡನ್, 1914ರ ಫೆಬ್ರವರಿಯಲ್ಲಿ. ಏಳು ಮಹಡಿ ಎತ್ತರದಲ್ಲಿ ಇನ್ನೊಂದು ಪೂರಾ ಥಿಯೇಟರ್! ಎರಡೂ ಸೇರಿ ಸುಮಾರು 3,500 ಸೀಟು. ಎರಡರಲ್ಲೂ ನಡೆಯುತ್ತಿದ್ದದ್ದು ವಾಡೆವಿಲ್ ಆಟ.

ಹಿರಿಯರು ಇಲ್ಲಿ ತಪ್ಪದೆ ಕೇಳುತ್ತಾರೆ, "ವಾಡೆವಿಲ್ ಅಂದ್ರೆ ನಾಟಕಾನಾ?" ನಮ್ಮ ಕಂಪನಿ ನಾಟಕದಿಂದ ಕಥೆ ಕಿತ್ತುಹಾಕಿ, ಹಾಡು, ಹಾಸ್ಯ, ಕುಣಿತ ಉಳಿಸಿಕೊಂಡು, ಮಧ್ಯೆ ಜಾದೂ, ದೊಂಬರಾಟ, ಒಂದಿಷ್ಟು ಮೂಕಿ ಚಿತ್ರ ಸೇರಿಸಿದ ಹಾಗೆ ಅನ್ನುತ್ತೇನೆ. ಗುಬ್ಬಿ ಕಂಪನಿ ನೋಡಿದವರಿಗೆ ತಕ್ಷಣ ಹೊಳೆಯುತ್ತದೆ. ಕೆಳಗೆ ಬೆಳಗಿನಿಂದ ಬಿಡುವಿಲ್ಲದೆ ಆಟ, ಅಗ್ಗದ ಟಿಕೆಟ್. ಮೇಲೆ ಸಂಜೆ ಮಾತ್ರ, ಕಾದಿರಿಸಿದ ಸೀಟು. ಅದೇ ಆಟಗಾರರು, ಜಾಸ್ತಿ ದುಡ್ಡು ಕೊಡುವ ಬೇರೆ ಜನ. ಅದಕ್ಕೇ ಮೇಲಿನದ್ದಕ್ಕೆ ಅಷ್ಟು ಅಲಂಕಾರ: ಗೋಡೆ ತುಂಬ ಕೈಯಲ್ಲಿ ಬರೆದ ಹೂದೋಟ, ಚಾವಣಿಯಿಂದ ಇಳಿಬಿದ್ದ ಬೀಚ್ ಎಂಬ ಮರದ ನಿಜವಾದ ಎಲೆ, ನಡುವೆ ಲಾಟೀನು.

ಎರಡನೆಯದಾಗಿ ಹಳೇ ಪತ್ರಿಕೆ. ಲೈಬ್ರರಿ ಕಾರ್ಡ್ ಇದ್ದರೆ ಟೊರೊಂಟೊ ಸ್ಟಾರ್‌ನ ಹಳೇ ಸಂಚಿಕೆಗಳನ್ನು ಮನೆಯಲ್ಲೇ ಕೂತು ನೋಡಬಹುದು. ನಾನು ಸುದ್ದಿ ಓದುವುದಿಲ್ಲ, ಜಾಹೀರಾತು ಓದುತ್ತೇನೆ. ಉದ್ಘಾಟನೆಯ ಸುದ್ದಿಯಲ್ಲಿ ಬರೀ ಹೊಗಳಿಕೆ. ವ್ಯಾಪಾರ ಹೇಗಿದೆ ಅನ್ನುವುದು ಜಾಹೀರಾತಿನಲ್ಲೇ ಗೊತ್ತಾಗುವುದು. ಆಟಗಾರರ ಹೆಸರು ಎಷ್ಟು ದಪ್ಪ, ಸಿನಿಮಾದ ಹೆಸರು ಎಷ್ಟು ದಪ್ಪ, ಟಿಕೆಟ್ ಎಷ್ಟು ಅಂತ ವರ್ಷವರ್ಷ ಗುರುತು ಹಾಕಿಕೊಳ್ಳಿ.

ಸಿನಿಮಾದ ಮುಂದೆ ವಾಡೆವಿಲ್ ಸೋತು, 1928ರಲ್ಲಿ ವಿಂಟರ್ ಗಾರ್ಡನ್ ಬಾಗಿಲು ಹಾಕಿತು. ತಮಾಷೆ ಅಂದರೆ, 1924ರಲ್ಲಿ ಎಂಜಿಎಂ ಸಿನಿಮಾ ಕಂಪನಿ ಕಟ್ಟಿದವನೂ ಇದೇ ಲೋ. ವಾಡೆವಿಲ್‌ನಿಂದ ಗಳಿಸಿದವನೇ ಅದನ್ನು ಮುಗಿಸಿದ ಉದ್ಯಮಕ್ಕೂ ದುಡ್ಡು ಹಾಕಿದ್ದ.

ಮೇಲಿನದ್ದು ಮುಚ್ಚಿದ ಮೇಲೆ ಸುಮಾರು ಅರವತ್ತು ವರ್ಷ ಹಾಗೇ ಬಿದ್ದಿತ್ತು. ಕೆಳಗಡೆ ಸಿನಿಮಾ ಓಡುತ್ತಿತ್ತು, ಕೊನೆಕೊನೆಗೆ ಮೂರನೇ ದರ್ಜೆಯ ಚಿತ್ರಗಳು. ನನ್ನ ಪ್ರಕಾರ ಕಟ್ಟಡವನ್ನು ಉಳಿಸಿದ್ದು ಆ ಚಿತ್ರಗಳೇ. ಕೆಳಗೆ ಅಷ್ಟಿಷ್ಟು ಸಂಪಾದನೆ ಇದ್ದದ್ದರಿಂದ ಯಾರೂ ಕೆಡವಲಿಲ್ಲ. ಮೇಲೆ ಸಂಪಾದನೆಯೇ ಇಲ್ಲದ್ದರಿಂದ ಯಾರೂ ಹೊಸದಾಗಿ ಮಾಡಲು ಕೈ ಹಾಕಲಿಲ್ಲ. ವಾಡೆವಿಲ್ ಕಾಲದ ಸೀನರಿ, ಪರದೆಗಳು ಅಲ್ಲೇ ಉಳಿದವು. ಜಗತ್ತಿನಲ್ಲಿ ಉಳಿದಿರುವ ಇಂಥ ಸಂಗ್ರಹಗಳಲ್ಲಿ ಇದೇ ದೊಡ್ಡದು.

1981ರಲ್ಲಿ ಒಂಟಾರಿಯೊ ಹೆರಿಟೇಜ್ ಫೌಂಡೇಶನ್ ಕಟ್ಟಡ ಕೊಂಡಿತು. 1987ರಿಂದ ದೊಡ್ಡ ದುರಸ್ತಿ ನಡೆಯಿತು, ಖರ್ಚು 2.9 ಕೋಟಿ ಡಾಲರ್. ಅದರಲ್ಲಿ ಅಮ್ಮಂದಿರಿಗೆ ಇಷ್ಟವಾಗುವ ಭಾಗ ಗೋಡೆ ತೊಳೆದದ್ದು. ತೊಳೆದದ್ದು ಅನ್ನಬಾರದು. ಚಿತ್ರಗಳು ನೀರಿಗೆ ಕರಗುವ ಬಣ್ಣದಲ್ಲಿದ್ದವು. ಒದ್ದೆ ಬಟ್ಟೆ ತಾಗಿಸಿದರೆ ಹೂವೇ ಅಳಿಸಿಹೋಗುತ್ತದೆ. ಅದಕ್ಕೆ ಬ್ರೆಡ್ಡಿನ ಹಸಿ ಕಣಕ ತಂದು ಗೋಡೆ ಮೇಲೆ ಉರುಳಿಸಿದರು. ಕೊಳೆ ಕಣಕಕ್ಕೆ ಅಂಟಿ ಬಂತು, ಬಣ್ಣ ಉಳಿಯಿತು. ಹೀಗೆ ಖರ್ಚಾದ ಕಣಕ 385 ಪೌಂಡ್, ಹತ್ತಿರಹತ್ತಿರ 175 ಕಿಲೋ. ಚಾವಣಿಗೆ 5,000ಕ್ಕೂ ಹೆಚ್ಚು ಬೀಚ್ ಕೊಂಬೆ ತಂದು, ಬಣ್ಣ ಬಳಿದು, ಬೆಂಕಿ ಹಿಡಿಯದ ಹಾಗೆ ಮಾಡಿ ಕಟ್ಟಿದರು. ಸೀಟುಗಳು ಬಂದದ್ದು ಷಿಕಾಗೋದ ಬಯೋಗ್ರಾಫ್ ಥಿಯೇಟರಿನಿಂದ. 1934ರಲ್ಲಿ ಡಿಲಿಂಜರ್ ಎಂಬ ಬ್ಯಾಂಕ್ ದರೋಡೆಕೋರ ಸಿನಿಮಾ ನೋಡಿ ಹೊರಬಂದಾಗ ಅಮೆರಿಕದ ಕೇಂದ್ರ ತನಿಖಾ ದಳದವರ ಗುಂಡಿಗೆ ಬಿದ್ದದ್ದು ಆ ಥಿಯೇಟರಿನ ಹೊರಗೇ. ಇದನ್ನು ಹೇಳಿದ ಮೇಲೆ ಅಪ್ಪಂದಿರು ಸೀಟನ್ನು ಒಮ್ಮೆ ಮುಟ್ಟಿ ನೋಡುತ್ತಾರೆ.

1989ರ ಡಿಸೆಂಬರ್ 15ಕ್ಕೆ ಥಿಯೇಟರ್ ಮತ್ತೆ ತೆರೆಯಿತು. ಮೊದಲು ತೆರೆದ ತಾರೀಖೇ.

ನೀವೂ ಯಾರನ್ನಾದರೂ ಕರೆದುಕೊಂಡು ಹೋಗುವುದಾದರೆ ಮೊದಲು ವಿಕ್ಟೋರಿಯಾ ಸ್ಟ್ರೀಟ್ ಕಡೆಯಿಂದ ಗೋಡೆಯ ಎತ್ತರ ತೋರಿಸಿ. ಆಮೇಲೆ ಸುತ್ತು ಹಾಕಿ ಯಂಗ್ ಸ್ಟ್ರೀಟ್ ಬಾಗಿಲಿಗೆ ಬನ್ನಿ. "ಇಷ್ಟು ಸಣ್ಣ ಬಾಗಿಲಿಗೆ ಅಷ್ಟು ದೊಡ್ಡ ಗೋಡೆ ಯಾಕೆ?" ಅಂತ ಅವರೇ ಕೇಳುತ್ತಾರೆ. ಆಗ ಕಥೆ ಶುರು ಮಾಡಿ.