ಶಬ್ಬಾತ್ ಮನೆಯಲ್ಲಿ ಕೆಲಸವೇ? ‘ಲೈಟ್ ಹಾಕಲಾ?’ ಅಂತ ಕೇಳಬೇಡಿ

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ಹಿರಿಯರ ಆರೈಕೆಗೆ ಬರುವವರು ಒಂದಿಷ್ಟು ಹೀಬ್ರೂ, ಬಿಪಿ ನೋಡುವುದು, ಮಾತ್ರೆಯ ಹೊತ್ತು ಎಲ್ಲ ಕಲಿತು ಬರುತ್ತಾರೆ. ಯೆಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬಾತ್ (ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ) ಆಚರಿಸುವ ಮನೆಯಲ್ಲಿ ಹೇಗಿರಬೇಕು ಅನ್ನುವುದು ಮಾತ್ರ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ನನಗೂ ಗೊತ್ತಿರಲಿಲ್ಲ. ಬಂದ ಮೊದಲ ತಿಂಗಳು, ಶುಕ್ರವಾರ ರಾತ್ರಿ, ಹಾಲ್‌ನ ದೀಪ ಟೈಮರ್‌ನಿಂದ ಆರಿತು. ನಾನು ನೋಡಿಕೊಳ್ಳುವ ಅಜ್ಜಿಯ ಕೈಯಲ್ಲಿ ಪ್ರಾರ್ಥನೆ ಪುಸ್ತಕ ಇತ್ತು. ನಾನು ಓಡಿ ಹೋಗಿ ಸ್ವಿಚ್ ಒತ್ತಿ, ‘ನಿಮಗೋಸ್ಕರ ಹಾಕಿದೆ, ಸಾವ್ತಾ’ ಅಂದೆ. ಸಾವ್ತಾ ಅಂದರೆ ಹೀಬ್ರೂನಲ್ಲಿ ಅಜ್ಜಿ. ಅವರು ನಕ್ಕರು, ಪುಸ್ತಕ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡರು. ಮಲಗುವವರೆಗೂ ಅದನ್ನು ತೆರೆಯಲಿಲ್ಲ.

ಕಾರಣ ಇಷ್ಟು. ಶಬ್ಬಾತ್‌ನಲ್ಲಿ 39 ಬಗೆಯ ಕೆಲಸ ನಿಷೇಧ. ಬೆಂಕಿ ಹೊತ್ತಿಸುವುದು, ಆರಿಸುವುದು ಅದರಲ್ಲಿ ಸೇರಿವೆ. ಆಚರಣೆ ಇರುವ ಮನೆಗಳಲ್ಲಿ ವಿದ್ಯುತ್ ಸ್ವಿಚ್ಚನ್ನೂ ಮುಟ್ಟುವುದಿಲ್ಲ. ತಾವು ಮಾಡಬಾರದ್ದನ್ನು ಯೆಹೂದಿ ಅಲ್ಲದವರಿಗೆ ಹೇಳಿ ಮಾಡಿಸಲೂಬಾರದು ಅಂತ ರಬ್ಬಿಗಳು (ಯೆಹೂದಿ ಧರ್ಮಗುರುಗಳು) ಬೇಲಿ ಹಾಕಿದ್ದಾರೆ. ಹೇಳದೇ ಇದ್ದರೂ, ಅವರಿಗಾಗಿಯೇ ನೀವು ಹಾಕಿದ ಬೆಳಕಿನಲ್ಲಿ ಅವರು ಓದುವಂತಿಲ್ಲ. ನಿಮಗಾಗಿ ಹಾಕಿಕೊಂಡಿದ್ದರೆ ಓದಬಹುದು. ಸುಮಾರು 1,800 ವರ್ಷ ಹಳೆಯ ಯೆಹೂದಿ ನಿಯಮ ಸಂಗ್ರಹ ಮಿಶ್ನಾದಲ್ಲೇ ಇದು ಇದೆ. ಶಬ್ಬಾತ್ ದಿನ ಹಡಗಿನಿಂದ ಇಳಿಯಲು ಯೆಹೂದಿ ಅಲ್ಲದವನೊಬ್ಬ ತನಗಾಗಿ ಹಲಗೆ ಹಾಕಿಕೊಂಡ. ಅದೇ ಹಲಗೆ ಮೇಲೆ ಧರ್ಮಗುರು ರಬ್ಬಾನ್ ಗಮ್ಲಿಯೇಲ್ ಮತ್ತು ಹಿರಿಯರೂ ಇಳಿದರು.

ಮೊದಲ ಹೆಜ್ಜೆ ಶುಕ್ರವಾರದ್ದು, ಸುಲಭ. ಸೂರ್ಯ ಮುಳುಗುವ ಮೊದಲೇ ಅಡುಗೆ ಮುಗಿಸಿ, ಊಟ ಬಿಸಿ ಇಡುವ ಪ್ಲಾಟಾ ಹಚ್ಚಿ, ಟೈಮರ್ ಹೊಂದಿಸಿ. ಹೆಚ್ಚಿನ ಊರುಗಳಲ್ಲಿ ಮುಳುಗುವ 18 ನಿಮಿಷ ಮೊದಲು ಮೇಣದಬತ್ತಿ ಹಚ್ಚುತ್ತಾರೆ, ಜೆರುಸಲೇಮಿನಲ್ಲಿ 40. ಸಣ್ಣ ಸಣ್ಣ ಪಿನ್ ಇರುವ ಅಗ್ಗದ ಟೈಮರ್ ತರಬೇಡಿ. ಪಿನ್ ಸಡಿಲವಾಗಿ ನಡುರಾತ್ರಿ ದೀಪ ಹೊತ್ತಿಕೊಳ್ಳುತ್ತದೆ. ಬಾಗಿಲು ತೆರೆದಾಗ ಫ್ರಿಜ್ ದೀಪವೂ ಹೊತ್ತಬಾರದು. ಅದರ ಸ್ವಿಚ್ಚಿಗೆ ಟೇಪ್ ಅಂಟಿಸಿದರೆ ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಬಲ್ಬನ್ನೇ ತಿರುಗಿಸಿ ತೆಗೆಯಿರಿ.

‘ನಾಳೆ ಏನೇನು ಮಾಡಲಿ, ಪಟ್ಟಿ ಕೊಡಿ’ ಅಂತ ಶುಕ್ರವಾರ ಕೇಳಬೇಡಿ. ಶಬ್ಬಾತ್‌ನಲ್ಲಿ ಮಾಡು ಅಂತ ಹಿಂದಿನ ದಿನ ಹೇಳುವುದೂ ನಿಷೇಧವೇ.

ಈಗ ಎಲ್ಲರೂ ಎಡವುವ ಜಾಗ, ಸುಳಿವು. ಅಜ್ಜಿ ‘ಲೈಟ್ ಆರಿಸು’ ಅನ್ನುವುದಿಲ್ಲ. ‘ಬೆಳಕು ಕಣ್ಣಿಗೆ ಹೊಡೀತಿದೆ, ನಿದ್ದೆ ಬರ್ತಿಲ್ಲ’ ಅನ್ನುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು, ಅಪ್ಪಣೆ ಕೊಡಬಾರದು. ಹೊಸಬರು ತಕ್ಷಣ ‘ಆರಿಸಲಾ?’ ಅಂತ ಕೇಳುತ್ತಾರೆ. ಅಲ್ಲೇ ಕೆಡುವುದು. ‘ಹೂಂ’ ಅಂದರೆ ಅದು ಅಪ್ಪಣೆ ಆಯಿತು, ‘ಬೇಡ’ ಅಂದರೆ ರಾತ್ರಿಯಿಡೀ ನಿದ್ದೆ ಇಲ್ಲ. ಅವರನ್ನು ಆ ಇಕ್ಕಟ್ಟಿಗೆ ತಳ್ಳಬೇಡಿ. ಸುಮ್ನೆ ಎದ್ದು ಆರಿಸಿ, ಏನೂ ಹೇಳಬೇಡಿ.

ಆರಿಸುವುದು ಸುಲಭ, ಹಾಕುವುದು ಕಷ್ಟ. ದೀಪ ಹಾಕಿದರೆ ಅದರಿಂದ ನೇರ ಉಪಯೋಗ ಸಿಗುತ್ತದೆ ಅಲ್ವಾ? ಅದಕ್ಕೇ ನಿಮಗೆ ಬೆಳಕು ಬೇಕಾದಾಗ ಹಾಕಿ, ಆಮೇಲೆ ಅಲ್ಲೇ ಕೂತು ನಿಮ್ಮ ಕೆಲಸ ಮಾಡಿ. ನಾನು ಹಾಲ್‌ನಲ್ಲಿ ಕೂತೇ ಊಟ ಮಾಡುತ್ತೇನೆ. ಅದೇ ಬೆಳಕಿನಲ್ಲಿ ಅಜ್ಜಿ ಓದಿಕೊಳ್ಳುತ್ತಾರೆ. ಒಬ್ಬನಿಗೆ ಹಚ್ಚಿದ ದೀಪ ನೂರು ಜನಕ್ಕೂ ದೀಪವೇ ಅಂತ ಮಿಶ್ನಾವನ್ನು ಚರ್ಚಿಸುವ ಗ್ರಂಥ ತಾಲ್ಮುದ್ ಹೇಳುತ್ತದೆ. ಆದರೆ ನಾಟಕ ಮಾಡಬೇಡಿ. ನಿಮಗೆ ಬೇಡದಿದ್ದಾಗ ‘ನನಗೇ’ ಅಂತ ಸುಳ್ಳು ಹೇಳಿ ಹಾಕಿದರೆ ಅವರ ನಂಬಿಕೆಗೆ ನೋವು ಮಾಡಿದ ಹಾಗೆ.

ಫ್ರಿಜ್ ಬಲ್ಬ್ ತೆಗೆಯಲು ಮರೆತರೆ? ‘ಫ್ರಿಜ್ ತೆರೆದು ಹಾಲು ಕೊಡು’ ಅಂತ ಅವರು ಕೇಳಬಹುದು ಅನ್ನುವುದು ಅನೇಕ ರಬ್ಬಿಗಳ ಅಭಿಪ್ರಾಯ. ಕೇಳಿದ್ದು ಬಾಗಿಲು ತೆರೆಯಲು, ದೀಪ ಹೊತ್ತಿಸಲು ಅಲ್ಲ. ಅನುಮಾನ ಬಂದರೆ ಆ ಮನೆಯವರ ರಬ್ಬಿ ಹೇಳಿದ್ದೇ ಕೊನೆ. ಪಕ್ಕದ ಮನೆಯ ಪದ್ಧತಿಯನ್ನು ಇಲ್ಲಿಗೆ ತರಬೇಡಿ.

ಹುಷಾರಿಲ್ಲದೆ ಮಲಗಿದ್ದರೆ ಸುತ್ತುಬಳಸು ಬೇಕಿಲ್ಲ, ಅವರು ನೇರವಾಗಿಯೇ ಕೇಳಬಹುದು. ಕೊರೆಯುವ ಚಳಿಗೆ ಹೀಟರ್ ಕೂಡ ಹಾಗೇ. ಚಳಿಯ ವಿಷಯದಲ್ಲಿ ಎಲ್ಲರೂ ರೋಗಿಗಳೇ ಅಂತ ರಬ್ಬಿ ಯೋಸೆಫ್ ಕಾರೋ 16ನೇ ಶತಮಾನದ ಯೆಹೂದಿ ನಿಯಮ ಗ್ರಂಥ ಶುಲ್ಖಾನ್ ಆರುಖ್‌ನಲ್ಲಿ ಬರೆದಿದ್ದಾರೆ.

ಎದೆನೋವು, ಉಸಿರಾಟದ ತೊಂದರೆ, ಬಿದ್ದು ಪ್ರಜ್ಞೆ ತಪ್ಪುವುದು, ಇಂಥವು ಬೇರೆಯೇ. ಜೀವಕ್ಕೆ ಅಪಾಯ ಇದ್ದರೆ ಶಬ್ಬಾತ್ ನಿಯಮ ಪಕ್ಕಕ್ಕೆ ಸರಿಯುತ್ತದೆ. ಯೆಹೂದಿಗಳೇ ಫೋನ್ ಎತ್ತಬೇಕು, ಬೇರೆಯವರನ್ನು ಹುಡುಕುತ್ತಾ ಹೊತ್ತು ಕಳೆಯಬಾರದು ಅನ್ನುತ್ತದೆ ಅದೇ ನಿಯಮ. ಹತ್ತಿರ ನೀವಿದ್ದರೆ ನೀವೇ 101ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುತ್ತದೆ. ಯಾರನ್ನೂ ಕೇಳುತ್ತಾ ನಿಲ್ಲಬೇಡಿ.

ನಿಮ್ಮ ಕೋಣೆಯಲ್ಲಿ ನಿಮ್ಮ ಫೋನ್, ನಿಮ್ಮ ಲೈಟ್ ನಿಮ್ಮದೇ. ಈ ನಿಯಮ ನಿಮ್ಮನ್ನು ಕಟ್ಟಿಹಾಕುವುದಿಲ್ಲ.

ಶನಿವಾರ ರಾತ್ರಿ ಮೂರು ನಕ್ಷತ್ರ ಕಂಡ ಮೇಲೆ ಶಬ್ಬಾತ್ ಮುಗಿಯುತ್ತದೆ. ಆಮೇಲಿನ ಮಾತಿಗೆ ಕಿವಿ ಕೊಡಿ. ‘ನಿನ್ನೆ ರಾತ್ರಿ ಬೆಡ್‌ರೂಮ್ ಲೈಟ್ ಯಾಕೆ ಆರಿಸಲಿಲ್ಲ?’ ಅಂತ ಅಜ್ಜಿ ಕೇಳಬಹುದು. ನಮ್ಮೂರಿನ ಹುಡುಗಿಯೊಬ್ಬಳು ಇದನ್ನು ಬೈಗುಳ ಅಂದುಕೊಂಡು ಅತ್ತಿದ್ದಳು. ಅದು ಬೈಗುಳ ಅಲ್ಲ. ಕಳೆದ ಶಬ್ಬಾತ್‌ನಲ್ಲಿ ಯಾಕೆ ಮಾಡಲಿಲ್ಲ ಅಂತ ಆಮೇಲೆ ಕೇಳುವುದಕ್ಕೆ ನಿಯಮದಲ್ಲಿ ಅವಕಾಶ ಇದೆ. ಮುಂದಿನ ವಾರ ಏನು ಬೇಕು ಅಂತ ಅವರು ಹೇಳಬಹುದಾದ ದಾರಿ ಅದು. ‘ಸರಿ ಸಾವ್ತಾ’ ಅನ್ನಿ, ಮುಂದಿನ ಶುಕ್ರವಾರ ಅವರು ಮಲಗಿದ ಮೇಲೆ ಲೈಟ್ ಆರಿಸಿ.